ಅಳತೆಯಿಲ್ಲದ ಬೋಗುಣಿ

ನನ್ನ ಹೆಸರು ಮಿಲ್ಕಾ. ಮುಖ ಹೇಳುವುದು ನನ್ನ ಕಸುಬು. ಅಮ್ಮನೂ ಇದೇ ಕೆಲಸ ಮಾಡುತ್ತಿದ್ದಳು, ಅವಳ ಅಮ್ಮನೂ ಇದನ್ನೇ ಮಾಡುತ್ತಿದ್ದಳು. ಬೆಳಿಗ್ಗೆ ಎದ್ದರೆ ಸಾಕು, ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಜಗಲಿಗೆ ಬಂದು ಮುಕ್ಕಾಲಿಯ ಮೇಲೆ ಕೂತು ಗಲ್ಲ ಮುಂದೆ ಚಾಚುತ್ತಾರೆ. ನಾನು ಗಲ್ಲ ಹಿಡಿದು, ಆಚೆ ಈಚೆ ತಿರುಗಿಸಿ, ಕಂಡದ್ದನ್ನು ಹೇಳುತ್ತೇನೆ. ಬೈತಲೆ ಓರೆಯಾಗಿದೆ. ಮೂಗಿನ ತುದಿಗೆ ಹಿಟ್ಟು ಮೆತ್ತಿಕೊಂಡಿದೆ. ಹುಬ್ಬಿನಲ್ಲಿ ಒಂದು ಬಿಳಿ ಕೂದಲು ಬಂದಿದೆ, ಕೀಳಲೋ ಬಿಡಲೋ? ಕೆಲವರು ಕೇಳಿಸಿಕೊಂಡು ಮುಗುಳ್ನಗುತ್ತಾರೆ, ಕೆಲವರು ದುಡುದುಡು ಎದ್ದು ಹೋಗುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎನ್ನುವುದು ನಮ್ಮ ಕಸುಬಿನ ಒಂದೇ ಕಟ್ಟಳೆ. ನಾನು ಅದನ್ನು ಜೀವಮಾನದಲ್ಲಿ ಒಬ್ಬಳ ವಿಷಯದಲ್ಲಿ ಮಾತ್ರ ಮೀರಿದ್ದೇನೆ. ಅದೇ ಈ ಕಥೆ.

ನಮ್ಮೂರಿನ ನಡುವೆ ದೇವದರ್ಶನದ ಗುಡಾರ ಇದೆ. ಅದನ್ನು ಕಟ್ಟಿದ ಕಾಲದಲ್ಲಿ ಮನೆಮನೆಯಿಂದ ಏನಾದರೂ ಕೊಟ್ಟರಂತೆ. ಚಿನ್ನ ಇದ್ದವರು ಚಿನ್ನ ಕೊಟ್ಟರು, ಇಲ್ಲದವರು ಆಡಿನ ಕೂದಲು ಕೊಟ್ಟರು. ಬಾಗಿಲಲ್ಲಿ ಊಳಿಗ ಮಾಡುತ್ತಿದ್ದ ಹೆಂಗಸರು ತಮ್ಮ ಕನ್ನಡಿ ಕೊಟ್ಟರು. ಆಗಿನ ಕನ್ನಡಿ ಎಂದರೆ ಉಜ್ಜಿ ಉಜ್ಜಿ ಹೊಳಪು ಬರಿಸಿದ ಕಂಚಿನ ತಟ್ಟೆ. ಅಷ್ಟನ್ನೂ ಕರಗಿಸಿ ಒಂದು ದೊಡ್ಡ ಬೋಗುಣಿ ಎರಕ ಹೊಯ್ದು, ಪೂಜೆ ನಡೆಸುವ ಯಾಜಕರು ಒಳಗೆ ಹೋಗುವ ಮೊದಲು ಕೈಕಾಲು ತೊಳೆಯಲಿ ಎಂದು, ಸುತ್ತ ಪರದೆ ಕಟ್ಟಿದ ಗುಡಾರದ ಅಂಗಳದಲ್ಲಿ ಇಟ್ಟರು. ಅಂದಿನಿಂದ ನಮ್ಮೂರಿನಲ್ಲಿ ಬೇರೆ ಯಾವುದರಲ್ಲೂ ಮುಖ ಕಾಣುವುದಿಲ್ಲ. ಬಾವಿಗೆ ಬಗ್ಗಿದರೆ ಆಕಾಶ ಕಾಣುತ್ತದೆ, ಹಾರುವ ಕಾಗೆ ಕಾಣುತ್ತದೆ, ಬಗ್ಗಿದವಳು ಕಾಣುವುದಿಲ್ಲ. ತಂಬಿಗೆ ಎಷ್ಟು ತಿಕ್ಕಿದರೂ ಅಷ್ಟೆ. ಎತ್ತಿಕೊಂಡ ಕೂಸಿನ ಕಣ್ಣಲ್ಲಿ ನೋಡಿದರೂ ಅಷ್ಟೆ. ನಾವು ಹುಟ್ಟುವ ಮೊದಲೇ ಹೀಗಿತ್ತು, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಮಗೆ ಇರುವ ಹೊಟ್ಟೆಯುರಿ ಒಂದೇ: ಕನ್ನಡಿ ಕೊಟ್ಟವರು ಹೆಂಗಸರು, ಮುಖ ನೋಡಿಕೊಳ್ಳುವವರು ಗಂಡಸರು! ಕೈಕಾಲು ತೊಳೆಯಲು ಎಷ್ಟು ಹೊತ್ತು ಬೇಕು, ನೀವೇ ಹೇಳಿ. ನಮ್ಮ ಯಾಜಕರು ಬಗ್ಗಿದರೆ ಏಳುವುದೇ ಇಲ್ಲ. ಬೋಗುಣಿಯ ಪೂರ್ವದ ಕಡೆ ನನ್ನ ಮುತ್ತಜ್ಜಿಯ ಸೊಟ್ಟ ಕನ್ನಡಿ ಕರಗಿದೆಯಂತೆ, ಅಲ್ಲಿ ನಿಂತರೆ ಮೂಗು ಉದ್ದ ಕಾಣುತ್ತದಂತೆ. ಆ ಕಡೆ ಒಬ್ಬ ಯಾಜಕನೂ ನಿಲ್ಲುವುದಿಲ್ಲ. ಮುತ್ತಜ್ಜಿ ಒಳ್ಳೆಯ ಕೆಲಸ ಮಾಡಿದ್ದಾಳೆ.

ಊಟವಾದ ಮೇಲೆ ಬೇರೆ ಊರಿನವರು ಪಗಡೆ ಆಡಬಹುದು. ನಮ್ಮೂರಿನವರು ಗುಡಾರದ ಒಂದೊಂದು ಸಾಮಾನಿಗೆ ಅರ್ಥ ಹೇಳುತ್ತಾರೆ. ಹನ್ನೆರಡು ರೊಟ್ಟಿ ಇಡುವ ಮೇಜು ಯಾಕೆ? ಹನ್ನೆರಡು ಕುಲದಲ್ಲಿ ಒಂದು ಕುಲವೂ ಹಸಿದಿರಬಾರದು ಎಂದು ಒಬ್ಬರು, ದೇವರ ಮನೆಯಾದರೂ ಉಣ್ಣುವ ಮನೆಯೇ ಎಂದು ಇನ್ನೊಬ್ಬರು. ಏಳು ಕವಲಿನ ದೀಪಸ್ತಂಭಕ್ಕೆ ಬಾದಾಮಿ ಹೂವು ಯಾಕೆ? ಎಲ್ಲಾ ಮರಕ್ಕಿಂತ ಮೊದಲು ಎಚ್ಚರವಾಗಿ ಹೂ ಬಿಡುವುದು ಬಾದಾಮಿ, ಅದಕ್ಕೆ. ಧೂಪವೇದಿ ಯಾಕೆ? ಕೈಗೆ ಸಿಗದ್ದನ್ನೂ ಕೊಡಬಹುದು ಎಂದು ತಿಳಿಯಲಿಕ್ಕೆ. ಬೋಗುಣಿಯ ಮಾತು ಬಂದಾಗ ಮಾತ್ರ ಗಲಾಟೆ. ಮೇಜಿಗೆ ಎರಡು ಮೊಳ ಉದ್ದ, ಒಂದು ಮೊಳ ಅಗಲ ಎಂದು ಗ್ರಂಥದಲ್ಲಿ ಅಳತೆ ಬರೆದಿದೆ. ದೇವರ ಆಜ್ಞೆಗಳನ್ನು ಇಟ್ಟ ಮಂಜೂಷಕ್ಕೆ ಅಳತೆ ಇದೆ, ಪರದೆಯ ಕೊಂಡಿಗಳಿಗೂ ಲೆಕ್ಕ ಇದೆ. ಬೋಗುಣಿಗೆ ಅಳತೆಯೇ ಬರೆದಿಲ್ಲ. ಬರೆಯುವವರು ಮರೆತರು ಎಂದು ನನ್ನ ಗಂಡ ಹೆಬೆರ ಹೇಳುತ್ತಾರೆ. ಗುಡಾರಕ್ಕೆ ಪರದೆ ನೇಯುವ ಅವರಿಗೆ ಒಂದು ಬೆರಳು ಹೆಚ್ಚುಕಡಿಮೆಯಾದರೂ ನಿದ್ದೆ ಬರುವುದಿಲ್ಲ.

ನನ್ನ ಜಗಲಿಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಬಂದವರೆಲ್ಲ ಕೂರುವ ಮೊದಲು ಮುಕ್ಕಾಲಿಯನ್ನು ಒಂದು ಗೇಣು ಎಡಕ್ಕೆ ಎಳೆದುಕೊಳ್ಳುತ್ತಾರೆ. ಅಲ್ಲಿ ನೆಲ ತಗ್ಗಾಗಿರಬೇಕು ಎಂದುಕೊಂಡು ಎರಡು ಸಲ ಮಣ್ಣು ಮೆತ್ತಿಸಿದೆ. ಆದರೂ ಎಳೆದುಕೊಳ್ಳುತ್ತಾರೆ. ಇನ್ನೊಂದು ಚಟ ಊರಿನವರಿಗೆ. ಇಬ್ಬರು ನಿಂತಿರುವಾಗ ಒಬ್ಬಳನ್ನು ಮಾತನಾಡಿಸಿದರೆ ಇನ್ನೊಬ್ಬಳು "ಏನಕ್ಕಾ?" ಎನ್ನುತ್ತಾಳೆ. ಕೇಳಿಸಿಕೊಳ್ಳುವ ತಾಳ್ಮೆ ಜನರಲ್ಲಿ ಕಡಿಮೆಯಾಗಿದೆ ಎಂದು ನಾನು ಎಷ್ಟೋ ಸಲ ಬೈದದ್ದುಂಟು. ನನ್ನ ಮುಖದ ವಿಷಯ ನನಗೆ ಗೊತ್ತಿರುವುದು ಅಮ್ಮ ಹೇಳಿದ್ದಷ್ಟೆ: ದೀಪಸ್ತಂಭದ ಬಾದಾಮಿ ಮೊಗ್ಗಿನಂಥ ಕಣ್ಣು. ಆ ಮಾತನ್ನು ಐವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ.

ನಮ್ಮಲ್ಲಿ ಮಗುವಿಗೆ ಐದು ವರ್ಷ ತುಂಬಿದಾಗ ಮೊದಲ ಮುಖ ಎಂಬ ಶಾಸ್ತ್ರ ಮಾಡುತ್ತಾರೆ. ನೆಂಟರಿಷ್ಟರ ಎದುರಿಗೆ ಮಗುವನ್ನು ನನ್ನ ಮುಂದೆ ಕೂರಿಸುತ್ತಾರೆ, ನಾನು ಅದರ ಮುಖವನ್ನು ಅದಕ್ಕೆ ಹೇಳುತ್ತೇನೆ. ಆ ದಿನ ಕೇಳಿದ್ದನ್ನೇ ಮಗು ಸಾಯುವ ತನಕ ತನ್ನ ಮುಖ ಎಂದು ನಂಬಿಕೊಂಡಿರುತ್ತದೆ. ಹದಿನೆಂಟು ವರ್ಷದ ಹಿಂದೆ ಹೊಗ್ಲಾ ತನ್ನ ಮಗಳು ತಿರ್ಚಾಳನ್ನು ಕರೆತಂದಳು. ಹೊಗ್ಲಾ ನನ್ನ ಪಕ್ಕದ ಮನೆಯವಳು, ಗಂಡ ತೀರಿಕೊಂಡು ಆಗಿನ್ನೂ ವರ್ಷವಾಗಿರಲಿಲ್ಲ. ತಿರ್ಚಾ ಹೊಸ ಅಂಗಿ ಹಾಕಿಕೊಂಡು, ಕಾಲು ಆಡಿಸುತ್ತಾ, ಸಿಹಿ ಕೊಡುತ್ತಾರೇನೋ ಎಂಬಂತೆ ನನ್ನನ್ನು ನೋಡುತ್ತಿದ್ದಳು. ಅವಳ ಎಡಗೆನ್ನೆಯ ಮೇಲೆ ಕಿವಿಯಿಂದ ತುಟಿಯ ಕೊನೆಯವರೆಗೆ ನೇರಳೆ ಹಣ್ಣು ಹಿಂಡಿದ ಹಾಗೆ ಮಚ್ಚೆ. ಹುಟ್ಟಿನಿಂದ ಬಂದದ್ದು. ಮುಟ್ಟಿದರೆ ಗೊತ್ತಾಗುವುದಿಲ್ಲ, ಚರ್ಮ ಬೆಣ್ಣೆಯಷ್ಟು ನುಣುಪು. ನಾನು ಗಲ್ಲ ಹಿಡಿದೆ. ಹಿಂದೆ ನಿಂತಿದ್ದ ಹೊಗ್ಲಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. "ಬಲಗೆನ್ನೆ ದುಂಡಗಿದೆ," ಎಂದೆ. "ಎಡಗೆನ್ನೆ..." ಎಂದು ತಡವರಿಸಿದೆ. "ಎರಡೂ ಒಂದೇ ಸಮ," ಎಂದುಬಿಟ್ಟೆ.

ಹೆಬೆರ ಮಗ್ಗದ ಹಿಂದಿನಿಂದ "ಹೌದು ಹೌದು, ಒಂದೇ ಸಮ," ಎಂದರು. ಆಮೇಲೆ ಎಲ್ಲರೂ ಹೌದು ಎಂದರು. ಅಷ್ಟೆ, ಅದು ಊರಿನ ಮಾತಾಯಿತು. ಯಾವ ಗುಟ್ಟೂ ಸಂಜೆಯ ತನಕ ಉಳಿಯದ ನಮ್ಮೂರಿನಲ್ಲಿ ಹದಿನೆಂಟು ವರ್ಷ ಎಲ್ಲರೂ ಬಾಯಿ ಮುಚ್ಚಿಕೊಂಡದ್ದು ಇದೊಂದೇ ವಿಷಯದಲ್ಲಿ. ಮಕ್ಕಳಿಗೆ ಮಾತು ಬರುವ ಮೊದಲೇ ಇದನ್ನು ಕಲಿಸುತ್ತಿದ್ದರು. ಒಮ್ಮೆ ಉಪ್ಪಿನ ವ್ಯಾಪಾರಿಯೊಬ್ಬ ಕತ್ತೆ ಹೊಡೆದುಕೊಂಡು ಬಂದವನು ತಿರ್ಚಾಳನ್ನು ನೋಡಿ, "ಅಯ್ಯೋ ಮಗಾ, ಕೆನ್ನೆಗೆ..." ಎಂದು ಬಾಯಿ ತೆರೆದ. ಬೀದಿಯ ಹೆಂಗಸರೆಲ್ಲ ಒಟ್ಟಿಗೆ "ಉಪ್ಪು! ಉಪ್ಪು! ನನಗೆ ಕೊಡು, ನನಗೆ ಕೊಡು!" ಎಂದು ಕಿರುಚಿ ಅವನ ಮೇಲೆ ಬಿದ್ದರು. ಅವನ ಮಾತು ಮುಗಿಯುವ ಮೊದಲು ಮೂಟೆ ಖಾಲಿ. ಆ ಉಪ್ಪನ್ನು ನಾವು ಮೂರು ವರ್ಷ ತಿಂದೆವು.

ತಿರ್ಚಾ ಬೆಳೆದಳು. ಗುಡಾರದ ದೀಪಕ್ಕೆ ಬತ್ತಿ ಹೊಸೆಯುವ ಕೆಲಸ ಹಿಡಿದಳು. ಅವಳು ಹೊಸೆದ ಬತ್ತಿ ಹೊಗೆ ಬಿಡುವುದಿಲ್ಲ ಎಂದು ಹೆಸರು. ನನ್ನನ್ನು ಕಂಡರೆ ಅವಳಿಗೆ ಬಲು ಪ್ರೀತಿ, ಅದೇ ನನಗೆ ಕಷ್ಟ. ಹಬ್ಬಕ್ಕೊಮ್ಮೆ ಬಂದು ಮುಖ ಹೇಳಿಸಿಕೊಳ್ಳುತ್ತಿದ್ದಳು. ನಾನು ಹೇಳಿದ್ದನ್ನೇ ಹೇಳುತ್ತಿದ್ದೆ. ಒಂದು ಸುಳ್ಳನ್ನು ವರ್ಷಕ್ಕೆ ನಾಲ್ಕು ಸಲ ಹೇಳಿದರೆ ಅದು ಬಾಯಿಗೆ ರೂಢಿಯಾಗುತ್ತದೆ, ಹೊಟ್ಟೆಗೆ ಆಗುವುದಿಲ್ಲ.

ಈಗ ಬೋಗುಣಿಗೆ ಬರುತ್ತೇನೆ. ವರ್ಷದ ಮೊದಲ ಅಮಾವಾಸ್ಯೆ ಕಳೆದ ಮಾರನೆಯ ದಿನ ಬೋಗುಣಿಯನ್ನು ತಿಕ್ಕಬೇಕು. ತಿಕ್ಕುವ ಕೆಲಸ ಎಂದ ಕೂಡಲೇ ಯಾಜಕರಿಗೆ ಹೆಂಗಸರ ನೆನಪಾಗುತ್ತದೆ. ಹಾಗಾಗಿ ಊರಿನ ಹೆಂಗಸರ ಹೆಸರು ಬರೆದ ಓಡಿನ ಚೂರುಗಳನ್ನು ಮಡಕೆಯಲ್ಲಿ ಹಾಕಿ ಒಂದನ್ನು ಎತ್ತುತ್ತಾರೆ. ಹೆಸರು ಬಂದವಳು ಬೂದಿ, ಹುಣಸೆಹಣ್ಣು ಹಿಡಿದು ಒಬ್ಬಳೇ ಒಳಗೆ ಹೋಗುತ್ತಾಳೆ. ಜೀವಮಾನದಲ್ಲಿ ಒಂದು ಸಲ ತನ್ನ ಮುಖ ತಾನು ನೋಡುತ್ತಾಳೆ. ಕೆಲವರು ಅಳುತ್ತಾ ಹೊರಗೆ ಬಂದಿದ್ದಾರೆ, ಒಬ್ಬಳು ಬಂದವಳೇ ಗಂಡನಿಗೆ ಒಂದು ತಿಂಗಳು ಅಡುಗೆ ಮಾಡಲಿಲ್ಲ. ನನ್ನ ಹೆಸರಿನ ಓಡು ಮೂವತ್ತೊಂದು ವರ್ಷದಿಂದ ಮಡಕೆಯಲ್ಲೇ ಕೊಳೆಯುತ್ತಿದೆ. ಈ ವರ್ಷ ಎದ್ದದ್ದು ತಿರ್ಚಾಳ ಹೆಸರು.

ಹೊಗ್ಲಾ ಬರಿಗಾಲಿನಲ್ಲಿ ಓಡಿ ಬಂದಳು. "ಅಕ್ಕಾ, ಇನ್ನು ಎಂಟೇ ದಿನ. ಏನಾದ್ರೂ ಮಾಡು."

"ಜ್ವರ ಬಂತು ಅಂತ ಹೇಳೋಣ," ಎಂದೆ.

"ಅವಳಿಗಾ? ಅವಳು ಹುಟ್ಟಿದಾಗಿಂದ ಸೀನಿಲ್ಲ. ಈಗ ಖುಷೀಲಿ ಮನೆಯಿಡೀ ಕುಣೀತಾ ಇದಾಳೆ. 'ಅಮ್ಮಾ, ನಾನು ನನ್ನ ನೋಡ್ತೀನಿ' ಅಂತಾಳೆ. ನನಗೆ ಅವಳ ಮುಖ ನೋಡೋಕಾಗ್ತಿಲ್ಲ." ಹೇಳುತ್ತಾ ಹೇಳುತ್ತಾ ಹೊಗ್ಲಾ ಅತ್ತೇಬಿಟ್ಟಳು.

ನಾನು ದೊಡ್ಡ ಯಾಜಕರಾದ ಎಲ್ಯಾಶೀಬರ ಹತ್ತಿರ ಹೋದೆ. ಗಡ್ಡಕ್ಕೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದುಕೊಂಡು ಕೂತಿದ್ದರು. ಎಡಜಡೆ ಬಿಚ್ಚಿಕೊಂಡಿತ್ತು, ಹೇಳೋಣ ಎಂದುಕೊಂಡು ಸುಮ್ಮನಾದೆ. ಇವರಿಗಂತೂ ಬೋಗುಣಿ ಇದೆಯಲ್ಲ. "ಸ್ವಾಮಿ, ಇನ್ನೊಂದು ಓಡು ಎತ್ತಿ," ಎಂದೆ.

"ಎತ್ತಿದ್ದು ನಾನಲ್ಲಮ್ಮ, ಎತ್ತಿಸಿದವನು ಅವನು," ಎಂದು ಮೇಲೆ ತೋರಿಸಿದರು. ಸ್ವಲ್ಪ ಹೊತ್ತು ಗಡ್ಡ ಸವರಿಕೊಂಡು, "ಮಿಲ್ಕಮ್ಮ, ನೀವು ಮಾಡಿದ್ದು ಊರಿಗೆಲ್ಲ ಗೊತ್ತು, ನನಗೂ ಗೊತ್ತು, ನಾನೂ ಹೌದು ಅಂದವನೇ. ಆದರೆ ಒಂದು ಯೋಚನೆ ಮಾಡಿ. ಒಳಗಿರೋ ರೊಟ್ಟಿ, ದೀಪ, ಧೂಪ ಎಲ್ಲಾ ಅವನದ್ದು. ನಮ್ಮದು ಅಂತ ಕಾಣೋದು ಬೋಗುಣೀಲಿ ಮಾತ್ರ. ಅದನ್ನ ಬಾಗಿಲಿಗಿಂತ ಮುಂಚೆ ಯಾಕಿಟ್ಟರು? ನಾವು ಯಾರು ಅಂತ ಗೊತ್ತಿಲ್ಲದೆ ಒಳಗೆ ಹೋದರೆ, ಹೋದದ್ದು ಯಾರು?" ಎಂದರು. ಮಾತು ಚೆನ್ನಾಗಿತ್ತು. ಆದರೆ ಅದನ್ನು ತಿರ್ಚಾಳಿಗೆ ಹೇಳಬೇಕಾದವಳು ನಾನು. ನನಗೆ ಅವರ ಮೇಲೆ ಸಿಟ್ಟು ಬಂತು, ಜಡೆ ಬಿಚ್ಚಿದ್ದನ್ನು ಹೇಳದೆಯೇ ಎದ್ದು ಬಂದೆ.

ಏಳು ದಿನ ಕಳೆದೆ. ಏಳನೆಯ ದಿನ ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಅವಳ ಮನೆಗೆ ಹೋದೆ. ತಿರ್ಚಾ ತೊಡೆಯ ಮೇಲೆ ನಾರು ಇಟ್ಟುಕೊಂಡು ಬತ್ತಿ ಹೊಸೆಯುತ್ತಿದ್ದಳು. "ಅತ್ತೇ, ನಾನೇ ಬರೋಳಿದ್ದೆ! ಒಂದು ಸಲ ಪೂರ್ತಿ ಹೇಳಿಬಿಡಿ. ನಾಳೆ ನೀರಲ್ಲಿ ನೋಡಿದಾಗ ಅದು ನಾನೇ ಅಂತ ಗುರುತು ಸಿಗಬೇಕಲ್ಲಾ," ಎಂದು ಗಲ್ಲ ಮುಂದೆ ಚಾಚಿದಳು. ಹದಿನೆಂಟು ವರ್ಷದ ಹಿಂದೆ ಚಾಚಿದ ಹಾಗೆಯೇ. ಹಣೆ ಹೇಳಿದೆ, ಹುಬ್ಬು ಹೇಳಿದೆ, ಮೂಗನ್ನು ಬೇಕಾದ್ದಕ್ಕಿಂತ ಎರಡರಷ್ಟು ಹೊತ್ತು ಹೇಳಿದೆ. "ಕೆನ್ನೆ?" ಎಂದಳು. ನಾನು ಏನು ಹೇಳಿರಬಹುದು ನೀವೇ ಊಹಿಸಿ. ಹೇಳಿ ಮನೆಗೆ ಬಂದು ಮಗ್ಗದ ಹಿಂದೆ ಕೂತು ಅತ್ತೆ. ನನ್ನಂಥ ಹೇಡಿ ಈ ಊರಿನಲ್ಲಿ ಇನ್ನೊಬ್ಬಳಿಲ್ಲ ಎಂದು ಹೆಬೆರರಿಗೆ ಹೇಳಿದೆ. ಅವರು ಲಾಳಿ ನಿಲ್ಲಿಸಿ, "ಇದಾರೆ, ಬೇಕಾದಷ್ಟು ಜನ," ಎಂದರು.

ಮರುದಿನ ಇಡೀ ಊರು ಗುಡಾರದ ಅಂಗಳದ ಬಾಗಿಲಿಗೆ ಬಂತು. ಬೇರೆ ವರ್ಷ ಹಾಡು, ಚಪ್ಪಾಳೆ, ತಮಾಷೆ ಇರುತ್ತಿತ್ತು. ಈ ಸಲ ಎಲ್ಲರೂ ತಮ್ಮ ತಮ್ಮ ಕಾಲಿನ ಹೆಬ್ಬೆರಳನ್ನು ನೋಡುತ್ತಾ ನಿಂತಿದ್ದರು. ತಿರ್ಚಾ ಬೂದಿಯ ಪಾತ್ರೆ ಸೊಂಟಕ್ಕಿಟ್ಟುಕೊಂಡು ನಗುತ್ತಾ ಒಳಗೆ ಹೋದಳು. ಹೊಗ್ಲಾ ನನ್ನ ಕೈ ಹಿಡಿದುಕೊಂಡಳು, ಉಗುರು ನೆಟ್ಟಿತು, ಬಿಡಿಸಿಕೊಳ್ಳಲಿಲ್ಲ. ಒಳಗಿನಿಂದ ಮೊದಲು ಏನೂ ಕೇಳಿಸಲಿಲ್ಲ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ತಿಕ್ಕುವ ಸದ್ದು ಶುರುವಾಯಿತು. ಎಂಥ ತಿಕ್ಕು ಅಂತೀರಿ! ಬೋಗುಣಿ ತಳ ಕಿತ್ತುಬರುತ್ತದೇನೋ ಎಂದು ಎಲ್ಯಾಶೀಬರು ಎರಡು ಸಲ ಪರದೆಯ ಹತ್ತಿರ ಹೋಗಿ ಬಂದರು. ಬಿಸಿಲು ಇಳಿಯುವ ಹೊತ್ತಿಗೆ ಅವಳು ಹೊರಗೆ ಬಂದಳು. ಮೊಣಕೈ ತನಕ ಬೂದಿ. ಜನ ದಾರಿ ಬಿಟ್ಟರು. ಅಷ್ಟು ಜನರನ್ನೂ ಒಬ್ಬೊಬ್ಬರನ್ನಾಗಿ ನೋಡಿ, ಮನೆಗೆ ಹೋದಳು.

ನಾನು ಜಗಲಿಯಲ್ಲಿ ಕೂತಿದ್ದೆ. ಬರುತ್ತಾಳೆಂದು ಗೊತ್ತಿತ್ತು. ಬಂದವಳು ಮುಕ್ಕಾಲಿಯ ಮೇಲೆ ಕೂರಲಿಲ್ಲ. "ಏಳಿ ಅತ್ತೆ," ಎಂದು ನನ್ನನ್ನು ಎಬ್ಬಿಸಿ, ಮುಖ ಹೇಳುವವಳು ಕೂರುವ ಮಣೆಯ ಮೇಲೆ ತಾನು ಕೂತಳು. ನನ್ನನ್ನು ಮುಕ್ಕಾಲಿಗೆ ಕಳಿಸಿದಳು. ನನ್ನ ಮೊದಲ ಮುಖದ ದಿನ ಬಿಟ್ಟರೆ ಆ ಮುಕ್ಕಾಲಿಯ ಮೇಲೆ ನಾನು ಕೂತದ್ದು ಅದೇ.

"ಮೊದಲು ನೋಡಿದಾಗ ಏನು ಮಾಡಿದೆ ಗೊತ್ತಾ?" ಎಂದಳು. "ಹಿಂದೆ ತಿರುಗಿ ನೋಡಿದೆ. ಯಾರೋ ಹೆಂಗಸು ನನ್ನ ಹಿಂದೆ ಬಂದು ನಿಂತಿದಾಳೆ ಅಂದ್ಕೊಂಡೆ. ಯಾರೂ ಇರಲಿಲ್ಲ."

ಅವಳು ತನ್ನ ಎಡಗೆನ್ನೆ ಮುಟ್ಟಿಕೊಂಡಳು.

"ನನ್ನ ಮುಖದ ಪರಿಚಯ ಊರಿಗೆಲ್ಲ ಇತ್ತು. ಉಪ್ಪು ಮಾರೋನಿಗೂ ಇತ್ತು. ನನಗೊಬ್ಬಳಿಗೇ ಇರಲಿಲ್ಲ. ಮಚ್ಚೆ ಇದ್ದರೆ ಇರಲಿ ಅತ್ತೆ, ಅದು ಬಣ್ಣ. ಆದರೆ ನೀವೆಲ್ಲ ಇಷ್ಟು ವರ್ಷ ಬೇರೆ ಯಾರನ್ನೋ ಮಾತಾಡಿಸ್ತಿದ್ರಿ, ನಾನು ಓ ಅಂತಿದ್ದೆ. ನನಗೆ ಎಷ್ಟು ಸಿಟ್ಟು ಬಂತು ಅಂದರೆ, ಆ ಬೋಗುಣೀನ ಒದ್ದು ಉರುಳಿಸೋಣ ಅನ್ನಿಸ್ತು." ಬೂದಿ ಮೆತ್ತಿದ ಕೈ ಎತ್ತಿ ತೋರಿಸಿದಳು. "ಆಮೇಲೆ ತಿಕ್ಕಬೇಕಲ್ಲಾ ಅಂತ ಕೈ ಹಾಕಿದೆ. ಕೈ ಹಾಕಿದ ಕೂಡಲೇ ಮುಖ ಚೂರುಚೂರಾಗಿ ಹೋಯಿತು. ಕೈ ತೆಗೆದೆ, ಬಂತು. ಹಾಕಿದೆ, ಹೋಯಿತು. ಆಗ ತಿಳೀತು. ಅದರಲ್ಲಿ ನೋಡಬಹುದು, ಇಲ್ಲಾ ತೊಳೀಬಹುದು. ಎರಡೂ ಒಟ್ಟಿಗೆ ಆಗಲ್ಲ. ನಮ್ಮ ಯಾಜಕರು ಅಷ್ಟು ಹೊತ್ತು ನಿಲ್ಲೋದು ಯಾಕೆ ಅಂದ್ಕೊಂಡ್ರಿ? ಕೈ ಹಾಕೋಕೆ ಮನಸ್ಸು ಬರದೆ!"

ಅಳುತ್ತಿದ್ದ ನನಗೆ ನಗು ಬಂತು. ಅವಳಿಗೂ ಬಂತು, ಆದರೆ ತಡೆದುಕೊಂಡಳು. "ನಗಬೇಡಿ, ನನಗಿನ್ನೂ ಸಿಟ್ಟಿದೆ," ಎಂದು ನನ್ನ ಗಲ್ಲ ಹಿಡಿದಳು. "ಈಗ ನಿಮ್ಮದು ಹೇಳ್ತೀನಿ. ಇದ್ದದ್ದನ್ನ ಇದ್ದ ಹಾಗೆ. ಗಲ್ಲದ ಮೇಲೆ ಮೂರು ಕೂದಲಿದೆ. ಮುಂದಿನ ಎರಡು ಹಲ್ಲು ತುಟಿ ದಾಟಿದೆ. ಮೂಗು ಪರವಾಗಿಲ್ಲ."

"ಕಣ್ಣು?" ಎಂದೆ. ಅಷ್ಟು ಹೊತ್ತಿನಲ್ಲೂ ಕೇಳಿದೆ ನೋಡಿ. "ಬಾದಾಮಿ ಅಲ್ವಾ?"

ತಿರ್ಚಾ ಮೆಲ್ಲಗೆ, "ಬಾದಾಮಿನೇ ಅತ್ತೆ. ಆದರೆ ಬೇರೆ ಬೇರೆ ಕೊಂಬೇದು. ಬಲಗಣ್ಣು ನನ್ನ ನೋಡ್ತಾ ಇದೆ, ಎಡಗಣ್ಣು ಬೀದೀಲಿ ಹೋಗೋರನ್ನ ನೋಡ್ತಾ ಇದೆ. ನಿಮಗೆ ಮೆಳ್ಳೆಗಣ್ಣು," ಎಂದಳು.

ಮಗ್ಗದ ಸದ್ದು ನಿಂತಿತು. ನಾನು ಒಳಗೆ ತಿರುಗಿ, "ರೀ, ನಿಮಗೆ ಗೊತ್ತಿತ್ತಾ?" ಎಂದೆ. ಹೆಬೆರ ಕೆಮ್ಮಿದರು. "ಮೂವತ್ತು ವರ್ಷದಿಂದ ನೀನು ನನ್ನ ನೋಡ್ತಿದ್ದೀಯೋ ಬಾಗಿಲು ನೋಡ್ತಿದ್ದೀಯೋ ಗೊತ್ತಾಗದೆ, ಯಾವಾಗಲೂ ಸಭ್ಯನಾಗೇ ಇದ್ದೆ ಕಣೇ," ಎಂದರು.

ಎಲ್ಲಾ ಒಟ್ಟಿಗೆ ತಿಳಿಯಿತು. ಮುಕ್ಕಾಲಿ ಯಾಕೆ ಎಡಕ್ಕೆ ಹೋಗುತ್ತಿತ್ತು, ಒಬ್ಬಳನ್ನು ಕರೆದರೆ ಇನ್ನೊಬ್ಬಳು ಯಾಕೆ ಓಗೊಡುತ್ತಿದ್ದಳು. ಇಷ್ಟು ವರ್ಷ ಊರೆಲ್ಲ ಒಂದು ಗೇಣು ಸರಿದು ಕೂತಿತ್ತು, ಒಬ್ಬರೂ ಬಾಯಿಬಿಟ್ಟಿರಲಿಲ್ಲ. ನಾನು ನೆಲಕ್ಕೆ ಮಣ್ಣು ಮೆತ್ತಿಸುತ್ತಿದ್ದೆ! ನನ್ನ ಮೇಲಿನ ಕರುಣೆಯಿಂದಲೇ ಮಾಡಿದರು, ಅದೂ ತಿಳಿಯಿತು. ಆದರೂ ಎದೆಯಲ್ಲಿ ಎಂಥ ಉರಿ ಎದ್ದಿತೆಂದರೆ, ಎದುರಿಗೆ ಕೂತಿದ್ದ ಹುಡುಗಿಗೆ ಬೆಳಗಿನಿಂದ ಏನಾಗಿತ್ತು ಎನ್ನುವುದು ಯಾರೂ ಹೇಳದೆಯೇ ಗೊತ್ತಾಯಿತು. "ತಿರ್ಚಾ, ತಪ್ಪಾಯಿತು ಮಗಳೇ," ಎಂದೆ. "ಸುಳ್ಳು ಹೇಳು ಅಂತ ನಿನ್ನ ಅಮ್ಮ ಕೇಳಲಿಲ್ಲ, ನಾನೇ ಹೇಳಿದ್ದು. ನಿನ್ನೆಯೂ ನಾನೇ ಹೇಳಿದ್ದು."

ಅವಳು ಕೈಯ ಬೂದಿಯನ್ನು ಸೆರಗಿಗೆ ಒರೆಸಿಕೊಂಡಳು. "ಆ ಬೋಗುಣಿಗೆ ಅಳತೆ ಯಾಕಿಲ್ಲ ಅಂತ ಊರೆಲ್ಲ ಜಗಳ ಆಡ್ತಾರಲ್ಲಾ," ಎಂದಳು. "ಬರೆಯೋರು ಮರೆತಿಲ್ಲ ಅತ್ತೆ. ಎಷ್ಟು ಜನ ಕನ್ನಡಿ ಬಿಟ್ಟುಕೊಟ್ಟರೋ ಅಷ್ಟು ದೊಡ್ಡದಾಯಿತು. ಮೊದಲೇ ಹೇಗೆ ಬರೀತಾರೆ?" ಮಗ್ಗದ ಹಿಂದಿನಿಂದ ಹೆಬೆರ "ಆಹಾ!" ಎಂದರು, ಮತ್ತೆ ಕೆಮ್ಮಿದರು.

ಆಮೇಲೆ ಅವಳು ಮಣೆಯಿಂದ ಎದ್ದಳು. ಹೊರಟಳು ಎಂದುಕೊಂಡೆ. ಹೋಗಲಿಲ್ಲ. "ಈಗ ನನ್ನದು ಹೇಳಿ. ಮೊದಲಿಂದ. ಐದು ವರ್ಷದವಳಿಗೆ ಹೇಳೋ ಹಾಗೆ," ಎಂದಳು. ಗೋಡೆಯ ಆಚೆ ಹೊಗ್ಲಾ ನಿಂತಿದ್ದಳು, ಅವಳ ಬಿಕ್ಕು ಕೇಳಿಸುತ್ತಿತ್ತು. ತಿರ್ಚಾ ಮುಕ್ಕಾಲಿಗೆ ಕೈ ಹಾಕಿ, ಎಲ್ಲರ ಹಾಗೆ ಒಂದು ಗೇಣು ಎಡಕ್ಕೆ ಎಳೆಯಹೋದಳು.

"ಎಳೀಬೇಡ," ಎಂದೆ. "ಅದು ಇದ್ದಲ್ಲೇ ಕೂತ್ಕೋ. ನಾನೇ ತಿರುಗ್ತೀನಿ."

ಅವಳು ಇದ್ದಲ್ಲೇ ಕೂತಳು. ನಾನು ಬಲಗಣ್ಣು ಅವಳ ಮೇಲೆ ನೆಟ್ಟಗೆ ಬೀಳುವ ತನಕ ತಿರುಗಿ, ಗಲ್ಲ ಹಿಡಿದು, ಎಡಗಿವಿಯಿಂದ, ಮಚ್ಚೆ ಹುಟ್ಟುವಲ್ಲಿಂದ, ಶುರುಮಾಡಿದೆ.